ನಾಲ್ಕನೇ ಜ್ವರದ ವಾರ

ಆ ವಾರದ ಬಗ್ಗೆ ನನಗೆ ನೆನಪಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ. ಕೆಲವು ವಿವರಗಳು ತಪ್ಪಿರಬಹುದು. ವಾರಗಳು ಹಿಂದುಮುಂದಾಗಿರಬಹುದು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿರಬಹುದು. ನನ್ನ ಹತ್ತಿರ ಇರುವ ಸಾಕ್ಷಿ ಒಂದೇ, ಒಂಬತ್ತನೇ ತರಗತಿಯಲ್ಲಿ ನಾನು ದಿನಚರಿ ಬರೆಯುತ್ತಿದ್ದ ನೂರು ಪುಟದ ನೋಟ್‌ಬುಕ್. ಅದರಲ್ಲಿ ದಿನಕ್ಕೆ ಎರಡು ಸಾಲು, ಹೆಚ್ಚೆಂದರೆ ಮೂರು. ಆ ವಾರದ ಬುಧವಾರಕ್ಕೆ ಹೀಗಿದೆ: "ಶಾಲೆಗೆ ಹೋಗಲಿಲ್ಲ. ಜ್ವರ." ಯಾರಿಗೆ ಜ್ವರ ಎಂದು ಬರೆದಿಲ್ಲ. ಬರೆಯಬೇಕು ಎಂದು ಆಗ ಅನ್ನಿಸಿರಲೇ ಇಲ್ಲ. ಈಗ ಆ ಪುಟ ತೆರೆದಾಗಲೆಲ್ಲ, ನಿಜವಾಗಿ ನನ್ನ ಮೈಯೇ ಬಿಸಿಯಾಗಿತ್ತೇನೋ, ಉಳಿದದ್ದೆಲ್ಲ ಅದರ ಮೇಲೆ ನಾನು ಕಟ್ಟಿದ ಕಥೆಯೇನೋ ಎಂಬ ಸಂಶಯ ಬರುತ್ತದೆ. ಆದರೂ ನನ್ನ ನೆನಪನ್ನೇ ನಂಬಿ ಬರೆಯುತ್ತೇನೆ. ನೋಟ್‌ಬುಕ್ ಎಲ್ಲಿ ಜಗಳಕ್ಕೆ ಬರುತ್ತದೋ ಅಲ್ಲಿ ಅದರ ಮಾತನ್ನೂ ಹೇಳುತ್ತೇನೆ.

ಕುದೂರಿನ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುತ್ತಿದ್ದ ನಮ್ಮ ಮನೆಯಲ್ಲಿ ದೊಡ್ಡ ಕೋಣೆ ಮನುಷ್ಯರದ್ದಾಗಿರಲಿಲ್ಲ. ಅದು ರೇಷ್ಮೆ ಹುಳುಗಳದ್ದು. ಗಾಳಿ ಬೆಳಕು ಹದವಾಗಿ ಬರುವ, ಗಾರೆ ಹಾಕಿದ, ಇರುವೆ ಬಾರದ ಕೋಣೆ. ಹುಳುಗಳು ಬಿದಿರಿನ ತಟ್ಟೆಗಳಲ್ಲಿ ಒಂದರ ಮೇಲೊಂದು ಅಂತಸ್ತಿನಲ್ಲಿ ವಾಸವಾಗಿದ್ದರೆ ನಾವು ಎಂಟು ಜನ ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ ಹಂಚಿಕೊಂಡು ಮಲಗುತ್ತಿದ್ದೆವು. ಆ ಕೋಣೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಪೌಡರ್ ಹಾಕಿಕೊಂಡು ಹೋಗುವಂತಿಲ್ಲ. ಹುಳ ಮನೆಯಲ್ಲಿರುವಷ್ಟು ದಿನ ಘಾಟು ಏಳುವ ಒಗ್ಗರಣೆ ಇಲ್ಲ. ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೆ ಅವು ಮೇಯುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು, ಯಾರೋ ಒಂದೇ ಸಮನೆ ಹೊಸ ಪುಸ್ತಕದ ಹಾಳೆ ಮಗುಚುತ್ತಿರುವ ಹಾಗೆ. ನಾನು ಓದಿದ್ದೆಲ್ಲ ಆ ಸದ್ದಿನ ಪಕ್ಕದಲ್ಲಿ ಕೂತು. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಒಂದು ಒಂದೂವರೆ ದಿನ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿಕೊಂಡು ಏಳುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂರುತ್ತವೆ, ಜ್ವರದಿಂದ ಏಳುತ್ತವೆ. ಕೂರುವ ಹೊತ್ತಿಗೆ ತಟ್ಟೆಯ ಕಸ ತೆಗೆದು ಎಳೆಯ ಸೊಪ್ಪು ಹೆಚ್ಚಿ ಹಾಕುವ ಕೆಲಸ ಮೈಮುರಿಯುವಷ್ಟಿರುತ್ತದೆ. ಒಮ್ಮೆ ಕೂತವೆಂದರೆ ಮನೆಗೆಲ್ಲ ರಜೆ. ನೆಂಟರ ಮನೆ, ಮಾಗಡಿಯ ಸಂತೆ, ಸಿನಿಮಾ, ಎಲ್ಲವನ್ನೂ ನಾವು "ಜ್ವರಕ್ಕೆ ಕೂತ ಮೇಲೆ ಹೋಗೋಣ" ಎಂದೇ ಗೊತ್ತು ಮಾಡುತ್ತಿದ್ದೆವು. ಹೊರಗಿನವರು ಹೆದರುವ ಮಾತಿಗೆ ನಮ್ಮ ಮನೆಯ ಮಕ್ಕಳು ಕುಣಿಯುತ್ತಿದ್ದರು. ಒಂದೇ ಕಟ್ಟಳೆ: ಜ್ವರವಿರುವಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಸದ್ದಿಗೆ ಹುಳ ಬೆದರುತ್ತವೆ ಎಂದು ಅಜ್ಜಿ ನಂಬಿದ್ದಳು.

ಚಿಕ್ಕಮ್ಮ, ಎಂದರೆ ಅಪ್ಪನ ತಮ್ಮನ ಹೆಂಡತಿ ಜಯಮ್ಮ, ಗುಡೇಮಾರನಹಳ್ಳಿ ಕಡೆಯವಳು. ಅವಳ ತವರಿನಲ್ಲಿ ಕುರಿ ಸಾಕುತ್ತಿದ್ದರು, ಹುಳ ಕಂಡವರಲ್ಲ. ಅವಳು ಮದುವೆಯಾಗಿ ಬಂದ ವಾರವೇ ಅಜ್ಜಿ ಅವಳನ್ನು ಕರೆದು, "ಒಳಗೆ ಎಲ್ಲಾರ್ಗೂ ಜ್ವರ ಕಣವ್ವ, ಮೆಲ್ಲಗೆ ಓಡಾಡು" ಎಂದಳಂತೆ. ಹೊಸ ಸೊಸೆ ಗಾಬರಿಯಾಗಿ ಒಲೆ ಹಚ್ಚಿ, ಮೆಣಸು ಜೀರಿಗೆ ಕುಟ್ಟಿ, ದೊಡ್ಡ ಪಾತ್ರೆ ತುಂಬ ಕಷಾಯ ಕಾಯಿಸಿ, ಲೋಟಗಳ ಜೊತೆ ಹಿಡಿದು ತಂದು ಪಿಸುಮಾತಿನಲ್ಲಿ ಕೇಳಿದಳಂತೆ:

"ಮೊದ್ಲು ಯಾರ್ಗೆ ಕೊಡ್ಲಿ ಅತ್ತೆ?"

"ಅಗೋ, ಆ ಮೂಲೆ ತಟ್ಟೇಲಿ ಕುಂತವ್ರಲ್ಲ, ಅವ್ರಿಗೆ ಕೊಡವ್ವ."

ಈ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮನೆಗೆ ಯಾರೇ ಬಂದರೂ ಅಜ್ಜಿ ಇದನ್ನು ಹೇಳಿಯೇ ಕಳಿಸುತ್ತಿದ್ದಳು. ಚಿಕ್ಕಮ್ಮನೂ ನಗುತ್ತಿದ್ದಳು. ಅಜ್ಜಿಯ ಇನ್ನೊಂದು ಮಾತಿಗೆ ಮಾತ್ರ ಅವಳು ನಗುತ್ತಿರಲಿಲ್ಲ. ಚಿಕ್ಕಮ್ಮನ ಮಗಳು ಗೀತಾ ನನ್ನ ಓರಗೆಯವಳು, ಒಂದೇ ತರಗತಿ, ಒಂದೇ ಬೆಂಚು. ನೆಂಟರು ಬಂದು "ಮಕ್ಳು ಹೆಂಗೆ ಓದ್ತಾವೆ?" ಎಂದರೆ ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ,

"ನಳಿನಾ ಓದ್ತಾಳೆ, ಗೀತಾ ಓಡ್ತಾಳೆ" ಎನ್ನುತ್ತಿದ್ದಳು.

ಒಂದಕ್ಷರದ ತಮಾಷೆ. ಎಲ್ಲರೂ ನಗುತ್ತಿದ್ದರು, ಗೀತಾ ಕೂಡ. ಓಟದಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಚಿಕ್ಕಮ್ಮ ಮಾತ್ರ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗುತ್ತಿದ್ದಳು. ನಾನು ಅದನ್ನು ಆಗಲೇ ಗಮನಿಸಿದ್ದೆನೇ, ಇಲ್ಲ ಈಗ ಬೇಕಾಗಿದೆ ಎಂದು ಗಮನಿಸುತ್ತಿದ್ದೇನೆಯೇ? ಗೊತ್ತಿಲ್ಲ.

ಆ ವರ್ಷ ನಮ್ಮ ಶಾಲೆಯಲ್ಲಿ ಮೊದಲ ಸಲ ಒಂದು ವಾರವಿಡೀ ಪಾಠವಿಲ್ಲದೆ ಸ್ಪರ್ಧೆಗಳನ್ನು ಇಟ್ಟಿದ್ದರು. ಸೋಮವಾರ ಓಟ, ಖೋ ಖೋ. ಮಂಗಳವಾರ ಚಿತ್ರ, ಕೈಬರಹ. ಬುಧವಾರ ತಾಯಂದಿರಿಗೆ ರಂಗೋಲಿ. ಗುರುವಾರ ವಿಜ್ಞಾನದ ವಸ್ತು ಪ್ರದರ್ಶನ, ಶುಕ್ರವಾರ ಹಾಡು. ಶನಿವಾರ ಶಾಮಿಯಾನ, ಮೈಕ್ ಸೆಟ್, ಮುಖ್ಯ ಅತಿಥಿ, ಊರವರ ಮುಂದೆ ಭಾಷಣ ಸ್ಪರ್ಧೆ, ಬಹುಮಾನ. ಭಾಷಣಕ್ಕೆ ತರಗತಿಗೆ ಒಬ್ಬರೇ. ನಮ್ಮ ತರಗತಿಯಿಂದ ನಾನು. ಗೆದ್ದವರು ರಾಮನಗರದಲ್ಲಿ ಮಾತಾಡಬೇಕು ಎಂದು ಹೇಳಿದ್ದರು. ನಾನು ರಾಮನಗರ ಕಂಡದ್ದು ಒಂದೇ ಸಲ, ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ, ಮೂಟೆಗಳ ನಡುವೆ ಕೂತು. ಈ ಸಲ ಇಸ್ತ್ರಿ ಮಾಡಿದ ಲಂಗ ಹಾಕಿಕೊಂಡು ಹೋಗುತ್ತೇನೆ ಎಂದು ನಾನಾಗಲೇ ತೀರ್ಮಾನಿಸಿಬಿಟ್ಟಿದ್ದೆ. "ಸಮಯದ ಮಹತ್ವ" ಎಂಬ ಪ್ರಬಂಧವನ್ನು ಒಂದು ಮಾದರಿ ಪ್ರಬಂಧಗಳ ಪುಸ್ತಕದಿಂದ ನಕಲು ಮಾಡಿಕೊಂಡು ಹದಿನೈದು ದಿನ ಪಡಸಾಲೆಯಲ್ಲಿ ಕಂಬಕ್ಕೆ ಕೇಳಿಸುವಂತೆ ಹೇಳಿ ಹೇಳಿ, ಕಡೆಗೆ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ನಾನು ತಡವರಿಸಿದರೆ ಅಡುಗೆಮನೆಯಿಂದ ಚಿಕ್ಕಮ್ಮ ಮುಂದಿನ ಪದ ಎತ್ತಿಕೊಡುತ್ತಿದ್ದಳು.

ಸೋಮವಾರ ಗೀತಾ ಓಡಿದಳು, ಗೆದ್ದಳು, ಒಂದು ಸೋಪು ಡಬ್ಬಿ ತಂದಳು. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಓಡಿದ್ದಕ್ಕೆ ಸ್ನಾನ ಮಾಡು ಅಂತ ಕೊಟ್ಟವ್ರೆ" ಎಂದಳು. ಮಂಗಳವಾರ ಸಂಜೆ ಹುಳುಗಳು ನಾಲ್ಕನೇ ಜ್ವರಕ್ಕೆ ತಲೆ ಎತ್ತತೊಡಗಿದವು. ನಾಲ್ಕನೆಯದು ದೊಡ್ಡದು, ಅದರಲ್ಲಿ ಎಡವಿದರೆ ಬೆಳೆಯೇ ಹೋಗುತ್ತದೆ. ಬುಧವಾರ ಬೆಳಿಗ್ಗೆ ಕಸ ತೆಗೆಯಲು ಒಂದು ಜೊತೆ ಕೈ ಹೆಚ್ಚಿಗೆ ಬೇಕಿತ್ತು. ನಾನೂ ಗೀತಾಳೂ ಹೀಗೆ ಸರದಿಯ ಮೇಲೆ ಉಳಿಯುತ್ತಿದ್ದೆವು. ಅಂದು ನನ್ನ ಸರದಿ. ಭಾಷಣ ಇರುವುದು ಶನಿವಾರ ತಾನೆ ಎಂದು ನಾನೂ ಒಪ್ಪಿದೆ. ಚಿಕ್ಕಮ್ಮ ರಂಗೋಲಿಯ ಪುಡಿ ಕಟ್ಟಿಕೊಂಡು ಗೀತಾಳ ಜೊತೆ ಶಾಲೆಗೆ ಹೋದಳು.

ಅಲ್ಲಿ ಆದ ಮಾತು ನಾನು ಕೇಳಿದ್ದಲ್ಲ, ಗೀತಾ ಹೇಳಿದ್ದು. ಆದರೂ ಎದುರಿಗೆ ನಿಂತು ಕೇಳಿದಷ್ಟು ಸ್ಪಷ್ಟವಾಗಿ ನನ್ನ ಕಿವಿಯಲ್ಲಿದೆ, ಅದೇ ಅನುಮಾನಕ್ಕೆ ಕಾರಣ. ಕನ್ನಡದ ವಸಂತಿ ಮೇಡಂ ಕರಾವಳಿಯವರು. ನಮ್ಮ ಶಾಲೆಗೆ ಬಂದು ಮೂರು ತಿಂಗಳಾಗಿತ್ತು. ರಂಗೋಲಿಯ ಮೇಲೆ ಬಗ್ಗಿದ್ದ ಚಿಕ್ಕಮ್ಮನನ್ನು ಅವರು ಕೇಳಿದರಂತೆ:

"ನಳಿನಾ ಎಲ್ಲಿ? ಯಾಕೆ ಬರಲಿಲ್ಲ ಅವಳು?"

"ಮನೇಲಿ ಜ್ವರ ಅಲ್ವಾ ಮೇಡಂ, ಅದ್ಕೇ ಉಳ್ಕಂಡವ್ಳೆ."

"ಅಯ್ಯೋ! ಜೋರುಂಟಾ?"

"ನಾಲ್ಕ್ನೇದು, ಒಸಿ ಜೋರೇಯಾ. ಶುಕ್ರವಾರ್ದ ಗಂಟ ಬುಡಾದಿಲ್ಲ."

ಮೇಡಂ ನಾಲ್ಕನೆಯದು ಎಂದರೆ ನಾಲ್ಕನೆಯ ದಿನ ಎಂದುಕೊಂಡರು. ನಾಲ್ಕು ದಿನದ ಜ್ವರದಲ್ಲಿ ಬಿದ್ದಿರುವ ಹುಡುಗಿ ಶನಿವಾರ ಮೈಕಿನ ಮುಂದೆ ನಿಲ್ಲುವುದುಂಟೆ? ಸಂಜೆಯೊಳಗೆ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು, ಅದೇ ಮನೆಯವಳು, ಹತ್ತಿರವೇ ಇದ್ದಳು ಎಂದು ಗೀತಾಳ ಹೆಸರು ಬರೆದರು. ಗುರುವಾರ ನಾನು ಶಾಲೆಗೆ ಹೋದಾಗ ಇದಾವುದೂ ನನಗೆ ಗೊತ್ತಿಲ್ಲ. ಥರ್ಮಾಕೋಲಿನ ಅಣೆಕಟ್ಟು, ಹೊಗೆಯುಗುಳುವ ಮಣ್ಣಿನ ಗುಡ್ಡ ನೋಡುತ್ತಾ ನಿಂತಿದ್ದೆ. ಮೇಡಂ ಹಿಂದಿನಿಂದ ಬಂದರು.

"ನೀನು ಯಾಕೆ ಬಂದದ್ದು ಮಾರಾಯ್ತಿ? ಜ್ವರ ಬಿಟ್ಟಿತಾ?"

"ಇನ್ನೂ ಇಲ್ಲ ಮೇಡಂ. ನಾಳೆ ಬೆಳಿಗ್ಗೆ ಬಿಡ್ತದೆ."

ಹೌದು, ನಾನೇ ಹೇಳಿದೆ. ಮನೆಯ ಸಮಾಚಾರ ಕೇಳುತ್ತಿದ್ದಾರೆ, ಎಷ್ಟು ಒಳ್ಳೆಯ ಮೇಡಂ ಎಂದುಕೊಂಡೆ. ಅವರು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಬಿಸಿಲಲ್ಲಿ ಒಂದು ಮೈಲಿ ನಡೆದು ಬಂದ ಹಣೆ ಬಿಸಿಯಾಗೇ ಇತ್ತು. "ಕಾದಿದೆ, ನೋಡು" ಎಂದು ನನ್ನನ್ನು ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸಿದರು. ಯಾಕೆ ಮಲಗಿದ್ದೇನೆ ಎಂದು ತಿಳಿಯದೆ ಮಲಗಿದ್ದಾಗಲೇ ಎದುರಿನ ಗೋಡೆಯ ಪಟ್ಟಿ ಕಂಡದ್ದು. ನನ್ನ ಹೆಸರಿನ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ.

ಅಂದು ಸಂಜೆ ಮುದ್ದೆ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಆದ ಜಗಳದಂಥ ಜಗಳ ಮತ್ತೆಂದೂ ಆಗಲಿಲ್ಲ. ಯಾಕೆಂದರೆ ಅದೆಲ್ಲ ಪಿಸುಮಾತಿನಲ್ಲಿ ನಡೆಯಿತು. ಗೋಡೆಯಾಚೆ ಹುಳುಗಳು ತಲೆ ಎತ್ತಿ ಕೂತಿದ್ದವು, ಮೇಯುವ ಸದ್ದಿಲ್ಲ. ಸಾರು ಸುರಿಯುವ ಸಪ್ಪಳವೂ ದೊಡ್ಡದಾಗಿ ಕೇಳುತ್ತಿತ್ತು. ನನಗೆ ಕಿರುಚಬೇಕಿತ್ತು, ಕಿರುಚುವಂತಿಲ್ಲ.

"ನನ್ ಹೆಸ್ರು ಹೊಡ್ಸಿ ನಿನ್ ಹೆಸ್ರು ಬರ್ಸ್ಕಂಡಿದ್ಯಲ್ಲೇ" ಎಂದು ಗೀತಾಳ ಕಿವಿಯ ಹತ್ತಿರ ಹೋಗಿ ಹಲ್ಲು ಕಚ್ಚಿ ಹೇಳಿದೆ.

"ನಾನೇನ್ ಬರ್ಸ್ಕಂಡ್ನಾ? ನಮ್ಮಮ್ಮ ಜ್ವರ ಅಂದಿದ್ಕೆ ಮೇಡಂ ಬರ್ಕಂಡ್ರು. ಬೇಡ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ, ಮೈಕಲ್ಲಿ ಮಾತಾಡಕ್ಕೆ ನಂಗೂ ಆಸೆ ಇರಾದಿಲ್ವಾ?"

"ಚಿಕ್ಕಮ್ಮ, ನೀನು ಹುಳಕ್ಕೆ ಅಂತ ಯಾಕೆ ಹೇಳ್ಲಿಲ್ಲ?"

ಚಿಕ್ಕಮ್ಮ ಮುದ್ದೆ ಕಟ್ಟುತ್ತಿದ್ದಳು. ಒದ್ದೆ ಕೈಯಲ್ಲಿ ಅದನ್ನು ತಿರುಗಿಸುತ್ತಾ, ತಲೆ ಎತ್ತದೆ ಅಂದಳು:

"ನಾನೇನ್ ಸುಳ್ಳು ಹೇಳಿದ್ನಾ? ಮನೇಲಿ ಜ್ವರ ಇಲ್ವಾ?"

ಅಪ್ಪ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು, ಅವಳ ಸಮಾಧಾನ ಯಾವಾಗಲೂ ಸಾರಿನ ರೂಪದಲ್ಲೇ ಬರುತ್ತಿತ್ತು. ನಾನು ಕೊನೆಯ ಅಸ್ತ್ರ ಬಿಟ್ಟೆ: "ಹೋಗ್ಲಿ, ನನ್ ಭಾಷಣ ಮಾತ್ರ ಮುಟ್ಬೇಡ." ಅಜ್ಜಿ ಅದಕ್ಕೂ ಆಸ್ಪದ ಕೊಡಲಿಲ್ಲ.

"ಮಾತು ಯಾರ್ ಅಪ್ಪನ್ ಮನೆ ಗಂಟಮ್ಮಿ? ಪುಸ್ತಕದ್ದು ತಾನೆ? ಮುಚ್ಕಂಡು ಉಣ್ಣಿ, ಹುಳ ಬೆದರ್ತವೆ."

ಶುಕ್ರವಾರ ಬೆಳಗ್ಗೆ ಹುಳುಗಳು ಎದ್ದಿದ್ದವು. ತಟ್ಟೆಯ ತುಂಬ ಬೂದುಬಣ್ಣದ ಪೊರೆಗಳು, ಹೊಸ ಚರ್ಮದ ಹಸಿದ ಹುಳುಗಳು. ನಾನು ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಎಲೆ ಹಾಸಿ ನಾಲ್ಕು ಹುಳ, ಹಿಡಿ ಪೊರೆ ತೆಗೆದುಕೊಂಡು ಹೋಗಿ ವಸಂತಿ ಮೇಡಂ ಮೇಜಿನ ಮೇಲಿಟ್ಟೆ. "ಮೇಡಂ, ಜ್ವರ ಇದ್ದದ್ದು ಇವಕ್ಕೆ. ಇವತ್ತು ಬಿಡ್ತು." ಅವರು ಮೊದಲು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಆಮೇಲೆ ಅರ್ಥವಾಯಿತು. ಆಮೇಲೆ ಅವರು ನಕ್ಕ ನಗೆಗೆ ಪಕ್ಕದ ತರಗತಿಯ ಹಾಡಿನ ಸ್ಪರ್ಧೆ ನಿಂತುಹೋಯಿತು. ಈಗ ನನ್ನ ನೆನಪು ಹೇಳುವುದೇನೆಂದರೆ, ಮೇಡಂ ಕಣ್ಣೊರೆಸಿಕೊಂಡು "ಗೀತಾಳ ಹೆಸರು ತೆಗೆದು ನಿನ್ನದು ಹಾಕಲಾ?" ಎಂದು ಕೇಳಿದರು, ನಾನು ತಲೆ ಎತ್ತಿ "ಬೇಡ ಮೇಡಂ, ಅವಳೇ ಮಾತಾಡಲಿ" ಅಂದೆ. ಎಷ್ಟೋ ಜನಕ್ಕೆ ಹೀಗೇ ಹೇಳಿದ್ದೇನೆ. ನೋಟ್‌ಬುಕ್ ಬೇರೆ ಹೇಳುತ್ತದೆ. "ಹೆಸರು ಆಫೀಸಿಗೆ ಹೋಗಿದೆ, ಬದಲಾಯಿಸಲು ಆಗಲ್ಲ ಅಂದರು. ಬಾತ್‌ರೂಮಿನಲ್ಲಿ ಅತ್ತುಬಿಟ್ಟೆ." ಇಷ್ಟು ವರ್ಷ ನಾನು ಹೊತ್ತು ತಿರುಗಿದ ಔದಾರ್ಯವನ್ನು ಹದಿನಾಲ್ಕರ ಹುಡುಗಿಯ ಎರಡು ಸಾಲು ಕಿತ್ತುಕೊಂಡಿತು. ಹುಡುಗಿಯ ಮಾತೇ ನಿಜವಿರಬೇಕು. ಅವಳಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿಸುವ ಅಗತ್ಯವಿರಲಿಲ್ಲ.

ಶನಿವಾರ ಗೀತಾ ನನ್ನ ಭಾಷಣವನ್ನೇ ಹೇಳಿದಳು. ಬೇರೆ ಕಲಿಯಲು ಅವಳಿಗೆ ದಿನ ಎಲ್ಲಿತ್ತು? ಹದಿನೈದು ದಿನ ಕೇಳಿ ಕೇಳಿ ಅವಳಿಗೆ ಬಂದೇ ಇತ್ತು. ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ಅವಳೂ ಉಸಿರು ತೆಗೆದುಕೊಂಡಳು. ನಾನು ಕೈ ಎತ್ತುತ್ತಿದ್ದ ಕಡೆ ಕೈ ಎತ್ತಿದಳು. ನಡುವೆ ಒಂದು ಕಡೆ ನಿಂತಳು. ಹೆಂಗಸರ ಸಾಲಿನಲ್ಲಿ ಕೂತಿದ್ದ ಚಿಕ್ಕಮ್ಮನ ತುಟಿ ಅಲ್ಲಾಡಿದ್ದು ಕಂಡಿತು, ಗೀತಾ ಅದನ್ನು ನೋಡಿ ಮುಂದುವರಿಸಿದಳು. ಮೂರನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ರಾಮನಗರಕ್ಕೆ ಹತ್ತನೇ ತರಗತಿಯ ಯಾರೋ ಹೋದರು. ಸ್ಪರ್ಧೆ ಮುಗಿದರೂ ಮುಖ್ಯ ಅತಿಥಿ ಬಂದಿರಲಿಲ್ಲ. ಹೆಡ್ ಮಾಸ್ಟರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಜನ ಏಳತೊಡಗಿದ್ದರು. ವಸಂತಿ ಮೇಡಂ ನನ್ನ ರಟ್ಟೆ ಹಿಡಿದು ಮೈಕಿನ ಮುಂದೆ ನಿಲ್ಲಿಸಿ ಕಿವಿಯಲ್ಲಿ ಹೇಳಿದರು: "ಆ ಜ್ವರದ್ದು ಹೇಳು. ಅತಿಥಿ ಬರುವವರೆಗೆ ಹೇಳುತ್ತಾ ಇರು."

ನನ್ನ ಬಳಿ ಮಾತೇ ಇರಲಿಲ್ಲ. ಇದ್ದದ್ದನ್ನು ಆಗಷ್ಟೇ ಇನ್ನೊಬ್ಬಳು ಹೇಳಿ ಮುಗಿಸಿದ್ದಳು. "ನನಗೆ ಜ್ವರ ಬಂದಿರಲಿಲ್ಲ" ಎಂದೆ. ಮೈಕಿನಲ್ಲಿ ನನ್ನ ದನಿ ಶಾಲೆಯ ಗೋಡೆಗೆ ಬಡಿದು ವಾಪಸು ಬಂತು. "ನಮ್ಮ ಮನೆಗೆ ಬಂದಿತ್ತು." ಹುಳ ಸಾಕುವ ಮನೆಯ ಮಕ್ಕಳೆಲ್ಲ, ಎಂದರೆ ಶಾಲೆಯ ಮುಕ್ಕಾಲು ಪಾಲು, ಕೂಗಿ ನಕ್ಕರು. ಆ ನಗೆ ಬಿದ್ದದ್ದೇ ನನ್ನೊಳಗೆ ಏನೋ ಎದ್ದಿತು. ಸ್ಟಾಫ್ ರೂಮಿನ ಬೆಂಚು ಹೇಳಿದೆ, ಬಿಸಿಲಿನ ಹಣೆ ಹೇಳಿದೆ, ಪಿಸುಮಾತಿನ ಜಗಳವನ್ನು ಪಿಸುಮಾತಿನಲ್ಲೇ ಮೈಕಿಗೆ ಬಾಯಿಟ್ಟು ಹೇಳಿದೆ. ಮೇಡಂ ಹೊಟ್ಟೆ ಹಿಡಿದುಕೊಂಡರು. ಎದ್ದಿದ್ದವರು ಕೂತರು. ಇನ್ನೂ ಬೇಕು ಎನ್ನಿಸಿತು, ಆಗ ಕೈಗೆ ಸಿಕ್ಕಿದ್ದು ಚಿಕ್ಕಮ್ಮನ ಕಷಾಯ. "ಮೊದ್ಲು ಯಾರ್ಗೆ ಕೊಡ್ಲಿ ಅತ್ತೆ?" ಎಂದು ಅವಳ ಹಾಗೇ ಬಗ್ಗಿ, ಪಾತ್ರೆ ಹಿಡಿದ ಹಾಗೆ ಕೈಮಾಡಿ ಕೇಳಿದೆ. ಶಾಮಿಯಾನವೇ ಎದ್ದು ಹಾರುವಂತೆ ಜನ ನಕ್ಕರು. ಅತಿಥಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಅವರೂ ಹಿಂದೆ ನಿಂತು ಕೇಳಿದರಂತೆ. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ನನಗೆ ಬಹುಮಾನ ಇಲ್ಲ. ಮೂವತ್ತು ವರ್ಷ ತರಗತಿಗಳಲ್ಲಿ ನಿಂತು ಮಾತಾಡಿ ಬದುಕಿದ್ದೇನೆ, ಇವತ್ತಿಗೂ ಬಾಗಿಲಿನಿಂದ ಮೇಜಿನ ತನಕ ನಡೆಯುವಾಗ ನನ್ನ ಕಾಲಿಗೆ ಧೈರ್ಯ ಬರುವುದು ಆ ಹತ್ತು ನಿಮಿಷದಿಂದ. ಹೆಸರು ಹೊಡೆದಿರದಿದ್ದರೆ ನಾನು "ಸಮಯದ ಮಹತ್ವ" ಒಪ್ಪಿಸಿ, ಬಹುಶಃ ಗೆದ್ದು, ಇನ್ನೊಬ್ಬರ ಮಾತು ಒಪ್ಪಿಸುವುದರಲ್ಲೇ ಉಳಿದುಬಿಡುತ್ತಿದ್ದೆನೇನೋ.

ವೇದಿಕೆಯ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಜ್ವರ ಎಂದರೆ ಹೊರಗಿನವರು ಏನು ತಿಳಿಯುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದು. ಅಪ್ಪನಿಗೆ, ಅಜ್ಜಿಗೆ, ಅಮ್ಮನಿಗೆ, ನನಗೆ. ನಾವೆಲ್ಲ ಆ ಮಾತಿನೊಳಗೇ ಹುಟ್ಟಿ ಬೆಳೆದವರು. ಗುರುವಾರ ನಾನೇ ಮುಗ್ಗರಿಸಲಿಲ್ಲವೇ? ಗೊತ್ತಿದ್ದವಳು ಚಿಕ್ಕಮ್ಮ ಒಬ್ಬಳೇ, ಒಂದು ಪಾತ್ರೆ ಕಷಾಯ ಕಾಯಿಸಿ ಕಲಿತವಳು. ಮೇಡಂ ತಪ್ಪು ತಿಳಿಯುತ್ತಾರೆ ಎಂದು ಅವಳಿಗೆ ಗೊತ್ತಿರಬಹುದಿತ್ತು ಎಂಬುದಕ್ಕೆ ಇದ್ದ ಆ ಸಾಕ್ಷಿಯನ್ನು ಊರ ಮುಂದೆ ಮೈಕಿನಲ್ಲಿ ಹೇಳಿ ಬಂದವಳು ನಾನು, ಹೇಳುವಾಗ ಅದು ಸಾಕ್ಷಿ ಎಂದು ನನಗೇ ತಿಳಿದಿರಲಿಲ್ಲ. ಇಲ್ಲ, ತಿಳಿದೇ ಹೇಳಿದೆನೇ? ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಈಗ ಮಾಗಡಿಯಲ್ಲಿ ಮಕ್ಕಳಿಗೆ ಖೋ ಖೋ ಕಲಿಸುವ ಗೀತಾಳನ್ನು ಕೇಳಿದರೆ ಅವಳು, "ಅಮ್ಮ ಎಲ್ಲಿ ನಕ್ಳು? ನೀನು ಕಷಾಯ ಅಂದೇಟ್ಗೆ ಎದ್ದು ಮನೆಗೋದ್ಳು ಕಣೆ" ಎನ್ನುತ್ತಾಳೆ. ತಾನು ಮಾಡಿದ ಭಾಷಣದ ಒಂದು ಸಾಲೂ ಅವಳಿಗೆ ನೆನಪಿಲ್ಲ. ಸೋಮವಾರದ ಓಟ ಹೆಜ್ಜೆ ಹೆಜ್ಜೆಗೂ ನೆನಪಿದೆ.

ಆ ಸಂಜೆ ನಾನು ಮನೆಗೆ ಬಂದಾಗ ಹುಳುಗಳು ಮೇಯುತ್ತಿದ್ದವು, ಮನೆ ತುಂಬ ಹಾಳೆ ಮಗುಚುವ ಸದ್ದು. ಚಿಕ್ಕಮ್ಮ ಕಾಫಿ ತಂದು ಕೈಗಿತ್ತಳು. ಗೀತಾಳ ಬಹುಮಾನದ ಹೊಸ ಲೋಟದಲ್ಲಿ. ಮೊದಲ ಕಾಫಿ ನನಗೆ. ಅದು ಕ್ಷಮೆ ಕೇಳುವುದಾಗಿತ್ತೇ, ಕ್ಷಮಿಸುವುದಾಗಿತ್ತೇ, ಇಲ್ಲ ಹತ್ತಿರ ಸಿಕ್ಕ ಲೋಟವೇ? ನೋಟ್‌ಬುಕ್ಕಿನಲ್ಲಿ ಕಾಫಿಯ ಸುದ್ದಿಯೇ ಇಲ್ಲ.

ಚಿಕ್ಕಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಈಗಲೂ ಹುಳ ಸಾಕುತ್ತಾಳೆ, ನಮ್ಮೆಲ್ಲರಿಗಿಂತ ಗಟ್ಟಿ. ಈ ಅಧ್ಯಾಯ ಬರೆಯಲು ಕೂತ ದಿನ ಅವಳಿಗೆ ಫೋನ್ ಮಾಡಿದೆ. ಅವಳು ಪಿಸುಗುಟ್ಟಿದಳು: "ಮೆಲ್ಲಗೆ ಮಾತಾಡವ್ವ, ನಾಲ್ಕ್ನೇದಕ್ಕೆ ಕುಂತವೆ." ಹಾಗಾಗಿ ಇಷ್ಟು ವರ್ಷ ಬಾಯಿಗೆ ಬಾರದಿದ್ದುದನ್ನು ನಾನೂ ಪಿಸುಮಾತಿನಲ್ಲೇ ಕೇಳಿದೆ. ಅವಳ ಹಿಂದೆ, ಗೋಡೆಯಾಚೆ, ಮೇಯುವ ಸದ್ದಿರಲಿಲ್ಲ. "ಇವು ಏಳ್ಲಿ, ನಾನೇ ಫೋನ್ ಮಾಡ್ತೀನಿ" ಎಂದು ಫೋನ್ ಇಟ್ಟಳು. ಹುಳುಗಳು ಎದ್ದು, ಬಲಿತು ಹಣ್ಣಾಗಿ, ಗೂಡು ಕಟ್ಟಿ, ಗೂಡು ರಾಮನಗರಕ್ಕೆ ಹೋಗಿಯೂ ಆಯಿತು. ಫೋನ್ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ರಂಗೋಲಿ ಬಿಡ್ತಾ ಮೇಡಂಗೆ ಜ್ವರ ಅಂದ್ಯಲ್ಲ, ಆಗ ನಿನಗೆ ಆ ಕಷಾಯ ನೆನಪಿತ್ತಾ?"